ಇಲ್ಲದ ಭಾನುವಾರಗಳು

ಟೋಕಿಯೋ ಪಕ್ಕದ ಗ್ಯೋಟೋಕುವಿನ ಸಮುದಾಯ ಭವನದ ಎರಡನೇ ಮಹಡಿಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಜಪಾನಿ ಭಾಷೆಯ ತರಗತಿ ನಡೆಯುತ್ತಿತ್ತು. ಕಲಿಸುವವರು ಆ ಊರಿನ ನಿವೃತ್ತರು. ಕಲಿಯುವವರಲ್ಲಿ ಹೆಚ್ಚಿನವರು ನನ್ನ ಹಾಗೆ ಗಂಡನ ಕೆಲಸದ ಹಿಂದೆ ಬಂದ ಹೆಂಗಸರು. ಕೊರೊನಾಕ್ಕೆ ಮುಂಚಿನ ಅಕ್ಟೋಬರಿನಲ್ಲಿ ನಾನು ಅಲ್ಲಿಗೆ ಸೇರಿದಾಗ ನನಗೆ ನಲವತ್ತೊಂಬತ್ತು. ಮೈಸೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿದವಳು, ಗಂಡನ ಕಂಪನಿ ಅವರನ್ನು ಮೂರು ವರ್ಷಕ್ಕೆಂದು ಟೋಕಿಯೋಗೆ ಕಳಿಸಿದಾಗ ಸ್ವಯಂನಿವೃತ್ತಿ ತೆಗೆದುಕೊಂಡು ಜೊತೆಗೆ ಹೊರಟಿದ್ದೆ. ಮಗಳು ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಓದುತ್ತಿದ್ದಳು.

ಮೊದಲ ದಿನ ನನ್ನ ಪಕ್ಕದ ಕುರ್ಚಿ ಒಬ್ಬ ಚೀನಿ ಹೆಂಗಸಿನದಾಗಿತ್ತು. ಎಪ್ಪತ್ತೊಂದು ವಯಸ್ಸು, ಕತ್ತಿನವರೆಗೆ ಕತ್ತರಿಸಿದ ಬಿಳಿ ಕೂದಲು, ಅಗಲವಾದ ಅಂಗೈ. ಆ ದಿನದ ಪಾಠ ‘ನಿಮ್ಮ ಉದ್ಯೋಗವೇನು?’ ಎಂಬುದು. ಅವರ ಸರದಿ ಬಂದಾಗ ಅವರಿಗೆ ಆ ಪದ ಗೊತ್ತಿರಲಿಲ್ಲ. ಎದ್ದು ನಿಂತರು. ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದವರಂತೆ ಮಾಡಿ, ಇನ್ನೊಂದು ಕೈಯಲ್ಲಿ ಚೀಟಿ ಹರಿದರು. ಆಮೇಲೆ ಅಂಗೈಯಿಂದ ಗೋಡೆಗೆ ಎರಡು ಸಲ ಬಡಿದು ಏನೋ ಕೂಗಿದರು. ಪಕ್ಕದ ಕೋಣೆಯಲ್ಲಿ ಹೂ ಜೋಡಿಸುವುದನ್ನು ಕಲಿಯುತ್ತಿದ್ದವರು ಬಾಗಿಲಿನಿಂದ ಇಣುಕಿದರು. ನನಗೆ ಮಾತ್ರ ತಕ್ಷಣ ಗೊತ್ತಾಯಿತು. “ರೈಟ್ ರೈಟ್!” ಎಂದೆ ನಾನು ಕನ್ನಡದ ಇಂಗ್ಲಿಷಿನಲ್ಲಿ. ಬಸ್ ಕಂಡಕ್ಟರ್! ಮೂವತ್ತು ವರ್ಷ ಒಂದೇ ಊರಿನಲ್ಲಿ, ಒಂದೇ ರೂಟಿನಲ್ಲಿ ಟಿಕೆಟ್ ಹರಿದವರು.

ತರಗತಿಯಲ್ಲಿ ಎಲ್ಲರೂ ಎಲ್ಲರನ್ನೂ ಹೆಸರಿಗೆ ಸಾನ್ ಎಂಬ ಗೌರವದ ಮಾತು ಸೇರಿಸಿ ಕರೆಯಬೇಕಿತ್ತು. ನಾನೂ ಹಾಗೇ ಕರೆಯುತ್ತಿದ್ದೆ. ಆದರೆ ಮನೆಗೆ ಬಂದು ಗಂಡನಿಗೆ ಹೇಳುವಾಗ ಅವರು ನನ್ನ ಬಾಯಲ್ಲಿ ದೊಡ್ಡಮ್ಮ ಆಗಿಬಿಟ್ಟರು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ದೊಡ್ಡಮ್ಮನ ಗಂಡ ತೀರಿಕೊಂಡಿದ್ದರು. ಇದ್ದ ಒಬ್ಬಳೇ ಮಗಳು ಇಪ್ಪತ್ತು ವರ್ಷದ ಹಿಂದೆಯೇ ಜಪಾನಿಗೆ ಬಂದು, ಅಲ್ಲಿಯವನನ್ನೇ ಮದುವೆಯಾಗಿ, ಟೋಕಿಯೋದ ಆಫೀಸೊಂದರಲ್ಲಿ ಕೆಲಸದಲ್ಲಿದ್ದಳು. ಅಮ್ಮ ಒಬ್ಬರೇ ಇರುವುದು ಬೇಡವೆಂದು ಊರಿನ ಫ್ಲ್ಯಾಟ್ ಮಾರಿಸಿ ಕರೆತಂದಿದ್ದಳು. ಅಳಿಯ, ಮೊಮ್ಮಗ ಇಬ್ಬರಿಗೂ ಜಪಾನಿ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ದೊಡ್ಡಮ್ಮನಿಗೆ ಚೀನಿ ಬಿಟ್ಟರೆ ಬೇರೆ ಇರಲಿಲ್ಲ. ಅದೂ ತುಂಬಿದ ಬಸ್ಸಿನ ಹಿಂದಿನ ಬಾಗಿಲಿಗೆ ಕೇಳಿಸುವ ಧ್ವನಿಯಲ್ಲಿ. ಕೆಳಗಿನ ಮನೆಯವರು ಒಮ್ಮೆ ಬಂದು, ತುಂಬ ವಿನಯದಿಂದ ತಲೆಬಾಗಿ, ಸದ್ದಿನ ವಿಷಯ ಹೇಳಿಹೋಗಿದ್ದರು. ಅಂದಿನಿಂದ ಮನೆಯಲ್ಲಿ ದೊಡ್ಡಮ್ಮ ಬಾಯಿ ತೆರೆದರೆ ಮಗಳು ತುಟಿಯ ಮೇಲೆ ಬೆರಳಿಡುತ್ತಿದ್ದಳು. ಕೊರೊನಾ ಶುರುವಾದ ಮೇಲೆ ತೋಜಾಯ್ ಲೈನಿನ ರೈಲಿನಲ್ಲಿ ಇವರಿಬ್ಬರು ಚೀನಿಯಲ್ಲಿ ಮಾತಾಡುವುದನ್ನು ಕೇಳಿ ಎದುರಿಗಿದ್ದವರೊಬ್ಬರು ಎದ್ದು ಬೇರೆ ಡಬ್ಬಿಗೆ ಹೋದರಂತೆ. ಆ ಮೇಲೆ ಹೊರಗಡೆಯೂ ಮಾತಾಡಬೇಡ ಎಂದಳು ಮಗಳು. ಇವನ್ನೆಲ್ಲ ದೊಡ್ಡಮ್ಮ ನನಗೆ ಒಂದೇ ಸಲ ಹೇಳಲಿಲ್ಲ. ಹೇಳುವಷ್ಟು ಭಾಷೆ ನಮ್ಮಿಬ್ಬರಿಗೂ ಇರಲಿಲ್ಲ. ತಿಂಗಳುಗಟ್ಟಲೆ ಒಂದೊಂದೇ ವಾಕ್ಯವಾಗಿ ಬಂತು.

ಮಾರ್ಚ್‌ನಲ್ಲಿ ಸಮುದಾಯ ಭವನ ಮುಚ್ಚಿತು. ಏಪ್ರಿಲ್‌ನಲ್ಲಿ ತುರ್ತು ಪರಿಸ್ಥಿತಿ ಎಂದರು. ಒಂದು ದಿನ ನಮ್ಮ ಟೀಚರ್ ಫೋನ್ ಮಾಡಿದರು. ನಾವು ಅವರನ್ನು ಸೆನ್ಸೇ ಎನ್ನುತ್ತಿದ್ದೆವು. ಕಲಿತದ್ದು ಮರೆತುಹೋಗಬಾರದು, ಅದಕ್ಕೇ ವಿದ್ಯಾರ್ಥಿಗಳನ್ನು ಜೋಡಿ ಮಾಡಿದ್ದೇನೆ, ಮಂಗಳವಾರ ಮತ್ತು ಶುಕ್ರವಾರ ಹತ್ತು ಗಂಟೆಗೆ ಹದಿನೈದು ನಿಮಿಷ ಫೋನಿನಲ್ಲಿ ಜಪಾನಿಯಲ್ಲೇ ಮಾತಾಡಿ, ಪುಸ್ತಕದಲ್ಲಿರುವ ಪ್ರಶ್ನೆಗಳನ್ನೇ ಕೇಳಿ ಎಂದರು. ನನ್ನ ಜೋಡಿ ದೊಡ್ಡಮ್ಮ.

ಮೊದಲ ಸಲ ಅವರ “ಹಲೋ” ಕೇಳಿ ಫೋನನ್ನು ಕಿವಿಯಿಂದ ಒಂದಡಿ ದೂರ ಹಿಡಿದೆ. ಊಟದ ಮೇಜಿನಲ್ಲಿ ಮೀಟಿಂಗಿನಲ್ಲಿದ್ದ ಗಂಡ ಮೈಕಿಗೆ ಕೈ ಅಡ್ಡ ಹಿಡಿದರು.

“ಯಾರೇ ಅದು? ನನ್ನ ಕ್ಲೈಂಟ್‌ಗೆಲ್ಲಾ ಕೇಳಿಸ್ತಿದೆ. ಬಾಲ್ಕನಿಗೆ ಹೋಗು ಪ್ಲೀಸ್.”

ಇಪ್ಪತ್ತನಾಲ್ಕು ವರ್ಷ ಲೈಬ್ರರಿಯಲ್ಲಿ ಹುಡುಗರಿಗೆ “ಶ್!” ಎಂದವಳು ನಾನು. ಈಗ ಬಟ್ಟೆ ಒಣಹಾಕುವ ಬಾಲ್ಕನಿಯಲ್ಲಿ ಏರ್ ಕಂಡಿಷನರಿನ ಪೆಟ್ಟಿಗೆಯ ಮೇಲೆ ಪುಸ್ತಕವಿಟ್ಟುಕೊಂಡು ನಿಂತೆ.

ನಮ್ಮ ಜಪಾನಿಯನ್ನು ಕನ್ನಡಕ್ಕೆ ತಂದರೆ ಒಂದನೇ ಕ್ಲಾಸಿನ ಪಾಠದ ಹಾಗೆ ಕೇಳುತ್ತದೆ. ಹಾಗೆಯೇ ಬರೆಯುವುದು ಸರಿ.

“ಕಳೆದ ಭಾನುವಾರ ನೀವು ಏನು ಮಾಡಿದಿರಿ?”

“ಎಲ್ಲಿಗೂ ಹೋಗಲಿಲ್ಲ. ನೀವು ಏನು ಮಾಡಿದಿರಿ?”

“ನಾನೂ ಎಲ್ಲಿಗೂ ಹೋಗಲಿಲ್ಲ.”

ಎರಡು ವಾರ ಇದೇ ಆಯಿತು. ಹದಿನೈದು ನಿಮಿಷ ತುಂಬಿಸುವುದು ಕಷ್ಟವಾಗುತ್ತಿತ್ತು. ಹವೆ ಹೇಗಿದೆ, ಏನು ತಿಂದಿರಿ, ಅಷ್ಟೇ. ಮೂರನೆಯ ವಾರ ನಾನು ಕೇಳಿದಾಗ ಅವರು ಪುಟ ತಿರುವಿದ ಸದ್ದಾಯಿತು.

“ಕಳೆದ ಭಾನುವಾರ ನಾನು ಮಗಳೊಂದಿಗೆ ಕ್ಯೋಟೋಗೆ ಹೋದೆನು.”

ನಾನು ಗಾಬರಿಯಾದೆ. ಪಕ್ಕದ ಪೇಟೆಗೇ ಯಾರೂ ಹೋಗದ ಕಾಲ. “ಹೇಗೆ ಹೋದಿರಿ?”

“ಶಿಂಕಾನ್ಸೆನ್ ರೈಲಿನಲ್ಲಿ ಹೋದೆನು.” ಆಮೇಲೆ ಅವರ ನಗು ಬಂತು. ಹದಿನಾರನೇ ಪಾಠದ ಚಿತ್ರದಲ್ಲಿ ಕ್ಯೋಟೋದ ದೇವಸ್ಥಾನವಿತ್ತು. ನಾನೂ ಪುಟ ತೆಗೆದೆ.

“ಕ್ಯೋಟೋ ಹೇಗಿತ್ತು?”

“ಬಹಳ ಸುಂದರವಾಗಿತ್ತು. ಆದರೆ ಜನರು ತುಂಬ ಇದ್ದರು. ನೀವು ಏನು ಮಾಡಿದಿರಿ?”

“ನಾನು ಗಂಡನೊಂದಿಗೆ ಸೈಕಲ್ಲಿನಲ್ಲಿ ಇಂಡಿಯಾಕ್ಕೆ ಹೋದೆನು.”

ಅವರು ನಕ್ಕ ನಗೆಗೆ ಎದುರು ಬಾಲ್ಕನಿಯ ಕಾಗೆ ಹಾರಿಹೋಯಿತು.

ಹೀಗೆ ಶುರುವಾಯಿತು. ಆ ವರ್ಷವಿಡೀ ನಾವಿಬ್ಬರೂ ಇಲ್ಲದ ಭಾನುವಾರಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡೆವು. ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ ಕೆಂಪು ಶೂ ಕೊಂಡೆವು. ಸಮುದ್ರದಲ್ಲಿ ಈಜಿದೆವು. ಬೆಟ್ಟ ಹತ್ತಿದೆವು, ಕಾಲು ನೋಯಿತು. ಒಮ್ಮೆ ದೊಡ್ಡಮ್ಮ ರೈಲಿನಲ್ಲಿ ಕೊಡೆ ಮರೆತರು. ಮುಂದಿನ ವಾರ ಸ್ಟೇಷನ್ನಿನವರು “ಸುಮಿಮಾಸೆನ್”, ಕ್ಷಮಿಸಿ, ಎಂದು ಮನೆಗೇ ತಂದುಕೊಟ್ಟರು. ಅಲ್ಲಿ ಯಾರೂ ಹಾಗೆ ಮನೆಗೆ ತಂದುಕೊಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಒಂದು ಶುಕ್ರವಾರ ನಾನು, “ಮಗಳು ಬಂದಳು. ನಾವು ಒಟ್ಟಿಗೆ ಅಡುಗೆ ಮಾಡಿದೆವು” ಎಂದೆ.

“ಏನು ಮಾಡಿದಿರಿ?”

“ಹೋಳಿಗೆ.” ಅದು ಸಿಹಿ ರೊಟ್ಟಿ ಎಂದು ವಿವರಿಸಿದೆ.

“ಮಗಳು ಎಷ್ಟು ತಿಂದಳು?”

“ನಾಲ್ಕು ತಿಂದಳು.”

ಫೋನ್ ಇಟ್ಟ ಮೇಲೆ ಬಾಲ್ಕನಿಯಿಂದ ಒಳಗೆ ಬರಲು ಆಗಲಿಲ್ಲ. ಮಗಳು ಐದು ದಿನದಿಂದ ಫೋನ್ ಎತ್ತಿರಲಿಲ್ಲ. ಕೊನೆಯ ಸಲ ಎತ್ತಿದಾಗ, “ಅಮ್ಮಾ, ಐ ಆಮ್ ಫೈನ್. ದಿನಾ ಏನಿರತ್ತೆ ಮಾತಾಡೋಕೆ? ಏನಾದ್ರೂ ಇದ್ರೆ ನಾನೇ ಮಾಡ್ತೀನಿ” ಎಂದಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಹತ್ತಿರವೂ ಹೇಳಲು ಏನೂ ಇರಲಿಲ್ಲ.

ದೊಡ್ಡಮ್ಮನ ಭಾನುವಾರಗಳಲ್ಲಿ ಬರಬರುತ್ತ ಅಕ್ಕ ಬರತೊಡಗಿದಳು. “ನಾನು ಅಕ್ಕನ ಮನೆಗೆ ಹೋದೆನು. ನಾವು ಜೋಳದ ತೆನೆ ತಿಂದೆವು.” “ಅಕ್ಕನಿಗೆ ಕಿವಿ ಚೆನ್ನಾಗಿ ಕೇಳುವುದಿಲ್ಲ. ಆದ್ದರಿಂದ ನಾನು ಜೋರಾಗಿ ಮಾತಾಡಿದೆನು.” “ಅಕ್ಕ ನನ್ನ ಕೂದಲು ಕತ್ತರಿಸಿದಳು. ಸೊಟ್ಟಗೆ ಕತ್ತರಿಸಿದಳು.” ಅಕ್ಕ ನಿಜವಾಗಿ ಇದ್ದಾಳೋ ಪುಸ್ತಕದಿಂದ ಬಂದಳೋ ನಾನು ಕೇಳಲಿಲ್ಲ. ಕೇಳಿದರೆ ಆಟ ಕೆಡುತ್ತದೆ ಅನ್ನಿಸುತ್ತಿತ್ತು.

ಎರಡನೆಯ ಚಳಿಗಾಲ. ಅಂದು ಒಲೆಯ ಮೇಲೆ ಕುಕ್ಕರ್ ಇಟ್ಟು ಫೋನ್ ಹಿಡಿದಿದ್ದೆ.

“ಕಳೆದ ಭಾನುವಾರ ನೀವು ಏನು ಮಾಡಿದಿರಿ?”

“ಕಳೆದ ಭಾನುವಾರ ಅಕ್ಕ ಸತ್ತಳು” ಎಂದರು.

ನಾನು ಅದನ್ನು ಪಾಠವೆಂದು ತಿಳಿದೆ. ಅದಕ್ಕೆ ಮೊದಲು ನಮ್ಮ ಭಾನುವಾರಗಳಲ್ಲಿ ಯಾರೂ ಸತ್ತಿರಲಿಲ್ಲ, ನಿಜ. ಆದರೆ ಪರ್ಸು ಕಳೆದಿತ್ತು, ವಿಮಾನ ತಪ್ಪಿತ್ತು, ಮನೆಗೆ ಕಳ್ಳ ಬಂದಿದ್ದ. ಅಂಥದ್ದಕ್ಕೆಲ್ಲ ಪುಸ್ತಕ ಕಲಿಸಿದ ಒಂದೇ ಉತ್ತರವಿತ್ತು. “ಜನ್ನೆನ್ ದೆಸ್ ನೇ” ಎಂದೆ. ಪಿಕ್ನಿಕ್ಕಿನ ದಿನ ಮಳೆ ಬಂದರೆ, ಸಂಗೀತದ ಟಿಕೆಟ್ ಸಿಗದಿದ್ದರೆ ಹೇಳುವ ಮಾತು ಅದು. ಛೆ, ಎಂಥ ನಿರಾಸೆ ಎಂಬಂತೆ. ಹೇಳಿ, ಮುಂದಿನ ಪ್ರಶ್ನೆಯನ್ನೂ ಕೇಳಿದೆ. “ಆಮೇಲೆ ಏನು ಮಾಡಿದಿರಿ?”

“ಆಮೇಲೆ...” ಎಂದರು. “ಆಮೇಲೆ ಏನೂ ಮಾಡಲಿಲ್ಲ.”

ಕುಕ್ಕರ್ ಕೂಗಿತು. ಕ್ಷಮಿಸಿ, ಮಂಗಳವಾರ ಮಾತಾಡೋಣ ಎಂದೆ. ಅವರು “ಹಾಯ್” ಎಂದರು. ಜಪಾನಿಯಲ್ಲಿ ಅದು ಹೌದು ಎಂಬ ಮಾತು. ಫೋನ್ ಕಿವಿಗೆ ಅಂಟಿಸಿಕೊಂಡರೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಹೇಳಿದರು. ಅದನ್ನೂ ನಾನು ಗಮನಿಸಿದ್ದು ಆಮೇಲೆ, ಎಷ್ಟೋ ದಿನಗಳ ಮೇಲೆ.

ಮಂಗಳವಾರ ಫೋನ್ ಬರಲಿಲ್ಲ. ಶುಕ್ರವಾರ ನಾನೇ ಮಾಡಿದೆ, ಎತ್ತಲಿಲ್ಲ. ಇನ್ನೊಂದು ಮಂಗಳವಾರವೂ ಹಾಗೇ ಹೋಯಿತು. ಗಂಡನಿಗೆ ಹೇಳಿದರೆ, “ಫೋನ್ ಏನೋ ಪ್ರಾಬ್ಲಮ್ ಇರ್ಬೇಕು ಬಿಡು, ಅಷ್ಟೊಂದು ಯಾಕೆ ಥಿಂಕ್ ಮಾಡ್ತೀಯ” ಎಂದರು. ದೊಡ್ಡಮ್ಮನ ಮನೆ ಎಲ್ಲಿ ಎಂದು ನನಗೆ ಗೊತ್ತಿರಲಿಲ್ಲ. ಹತ್ತು ತಿಂಗಳು ವಾರಕ್ಕೆರಡು ಸಲ ಮಾತಾಡಿದವರ ಮನೆ ಸ್ಟೇಷನ್ನಿನ ಯಾವ ಬದಿಗಿದೆ ಎಂದೂ ತಿಳಿದಿರಲಿಲ್ಲ. ಸೆನ್ಸೇಯನ್ನು ಕೇಳಿದೆ. ಇನ್ನೊಬ್ಬರ ವಿಳಾಸ ಕೊಡಲು ಬರುವುದಿಲ್ಲ, ನಾನೇ ಅವರ ಮನೆಗೆ ವಿಚಾರಿಸುತ್ತೇನೆ ಎಂದರು.

ಎರಡು ದಿನ ಬಿಟ್ಟು ದೊಡ್ಡಮ್ಮನ ಮಗಳು ನನಗೆ ಫೋನ್ ಮಾಡಿದಳು. ಇಂಗ್ಲಿಷಿನಲ್ಲಿ ಮಾತಾಡಿದಳು.

“ಒಂದು ಮಾತು ಕೇಳಬಹುದಾ? ನಮ್ಮಮ್ಮ ನಿಮ್ಮ ಜೊತೆ ಏನು ಮಾತಾಡ್ತಾರೆ?”

ಯಾಕೆ ಎಂದು ಕೇಳಿದೆ.

“ಅಮ್ಮನ ಅಕ್ಕ ತೀರಿಕೊಂಡ್ರು. ನಾವು ಹೋಗೋ ಹಾಗಿರಲಿಲ್ಲ. ಟಿಕೆಟ್ಟಿಲ್ಲ, ಹೋದ್ರೂ ವಾರಗಟ್ಟಲೆ ಕ್ವಾರಂಟೈನ್. ಅಂತ್ಯಕ್ರಿಯೆ ಎಲ್ಲಾ ಫೋನಲ್ಲೇ ನೋಡಿದ್ವಿ. ಆವತ್ತಿಂದ ಅಮ್ಮ ಒಂದು ಮಾತೂ ಆಡಿಲ್ಲ. ಊಟ ಕೊಟ್ರೆ ತಿಂತಾರೆ, ಅಷ್ಟೇ. ನಾನು ಆಫೀಸು ಮನೆಯಲ್ಲೇ ಮಾಡುವಾಗ ಅವರು ನಗೋದು ಕೇಳಿಸ್ತಿದ್ದದ್ದು ನಿಮ್ಮ ಫೋನ್ ಬಂದಾಗ ಮಾತ್ರ. ಅದಕ್ಕೇ ಕೇಳ್ತಿದೀನಿ. ಏನು ಮಾತಾಡ್ತಿದ್ರಿ?”

ನಾನು ಅವಳಿಗೆ ಎಲ್ಲ ಹೇಳಿದೆ. ಭಾನುವಾರಗಳು, ಕೆಂಪು ಶೂ, ಕೊಡೆ, ಮೊದಲನೆಯದಾದ ಕ್ಯೋಟೋ.

“ಕ್ಯೋಟೋಗೆ ಕರ್ಕೊಂಡು ಹೋಗ್ತೀನಿ ಅಂತ ನಾನೇ ಹೇಳಿದ್ದೆ. ಅಮ್ಮ ಇಲ್ಲಿಗೆ ಬಂದ ಮೊದಲನೇ ವರ್ಷ. ಆಗಲಿಲ್ಲ.”

ಆಮೇಲೆ ಕೊನೆಯ ಶುಕ್ರವಾರ ನಾನು ಆಡಿದ ಮಾತನ್ನೂ ಹೇಳಿದೆ. ಹೇಳದೆ ಇರಬಹುದಿತ್ತು. ಆದರೆ ಹೇಳದೆ ಅವರ ಮುಖ ನೋಡಲು ನನ್ನಿಂದಾಗುತ್ತಿರಲಿಲ್ಲ.

“ಅದನ್ನ ಅಮ್ಮ ನನಗೆ ಹೇಳಲಿಲ್ಲ” ಎಂದಳು ಅವಳು. ಕೋಪವಿತ್ತೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಗುರುವಾರ ಮೂರು ಗಂಟೆಗೆ ಎದೊ ನದಿಯ ಏರಿಯ ಮೇಲೆ ಅಮ್ಮನನ್ನು ಕರೆತರುತ್ತೇನೆ, ನೀವು ಬನ್ನಿ ಎಂದಳು.

ಸಾವಿನ ಮನೆಯಲ್ಲಿ ಏನು ಹೇಳಬೇಕೆಂದು ಸೆನ್ಸೇಯನ್ನು ಕೇಳಿ, ಆ ಉದ್ದದ ಮಾತನ್ನು ಕನ್ನಡ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದುಕೊಂಡು, ಮೂರು ದಿನ ಬಾಯಿಪಾಠ ಮಾಡಿದೆ. ಗುರುವಾರ ಏರಿಯ ಮೇಲೆ ಗಾಳಿ ಬೀಸುತ್ತಿತ್ತು. ನೀಲಿ ದಪ್ಪ ಕೋಟಿನೊಳಗೆ ದೊಡ್ಡಮ್ಮ ಚಿಕ್ಕವರಾಗಿ ಕಂಡರು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಸುಮಾರು ಒಂದು ವರ್ಷದ ಮೇಲೆ ನಾನು ಅವರನ್ನು ಕಣ್ಣಾರೆ ನೋಡಿದ್ದು. ಎರಡು ಮೀಟರ್ ದೂರದಲ್ಲಿ ನಿಂತು, ತಲೆಬಾಗಿ, ಕಲಿತದ್ದನ್ನು ಒಪ್ಪಿಸಿದೆ. ಅವರಿಗೆ ಅರ್ಥವಾಗಲಿಲ್ಲ. ಅದು ನಮ್ಮ ಪುಸ್ತಕದಲ್ಲಿ ಇರಲಿಲ್ಲವಲ್ಲ. ಮಗಳು ಚೀನಿಯಲ್ಲಿ ಹೇಳಿದ ಮೇಲೆ ತಲೆಯಾಡಿಸಿದರು.

ನನಗೆ ಬರುವ ಭಾಷೆಯಲ್ಲೇ ಹೇಳಿದೆ. “ಹಿಂದಿನ ಸಲ ನಾನು ತಪ್ಪು ಮಾತಾಡಿದೆನು. ಪಾಠವೆಂದು ತಿಳಿದೆನು.”

ಅವರು ನದಿಯ ಕಡೆ ನೋಡಿದರು. ಹತ್ತಿರ ಮೂರು ವಾರ ಬಳಸದ ಗಂಟಲು ಮೊದಲು ಕೆಮ್ಮಿತು.

“ಚೀನಿಯಲ್ಲಿ ನಾನು ಯಾರಿಗೂ ಹೇಳಲಿಲ್ಲ” ಎಂದರು. “ಜಪಾನಿಯಲ್ಲಿ ನಿಮಗೆ ಹೇಳಿದೆನು. ಜಪಾನಿಯಲ್ಲಿ ಹೇಳಿದರೆ ಅಕ್ಕ ಸಾಯುವುದಿಲ್ಲ ಎಂದುಕೊಂಡೆನು.”

ಮಗಳು ಮುಖ ತಿರುಗಿಸಿಕೊಂಡು ಸ್ವಲ್ಪ ದೂರ ಹೋಗಿ ನಿಂತಳು.

ಅಂದಿನಿಂದ ನಮ್ಮ ಫೋನು ನಿಂತು, ಗುರುವಾರದ ನಡಿಗೆ ಶುರುವಾಯಿತು. ನಡುವೆ ಎರಡು ಮೀಟರ್, ಬಾಯಿಗೆ ಮಾಸ್ಕ್, ಮೇಲೆ ನದಿಯ ಗಾಳಿ. ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳದ ಜಾಗ ಅದು. ದೊಡ್ಡಮ್ಮನ ಧ್ವನಿಗೆ ಅಲ್ಲಿ ಅಡ್ಡಿಯಿರಲಿಲ್ಲ. ಮೊದಮೊದಲು ಹಿಂದೆ ಮುಂದೆ ನೋಡಿ ಮಾತಾಡುತ್ತಿದ್ದವರು ನಿಧಾನವಾಗಿ ಧ್ವನಿ ಏರಿಸಿದರು. ನಾಯಿ ಅಡ್ಡಾಡಿಸುವವರು ದೂರದಿಂದಲೇ ಪಕ್ಕದ ಮೆಟ್ಟಿಲು ಇಳಿದುಬಿಡುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಸುಳ್ಳೇಕೆ. ಆದರೂ ನಿಲ್ಲಿಸಿ ಎನ್ನಲಿಲ್ಲ.

ಚೆರಿ ಹೂ ಉದುರಿದ ಮೇಲಿನ ಒಂದು ಗುರುವಾರ, ಅವರ ರೂಟಿನಲ್ಲಿ ಎಷ್ಟು ಸ್ಟಾಪುಗಳಿದ್ದವು ಎಂದು ಕೇಳಿದೆ. ಅವರು ನಿಂತರು. ಮಾಸ್ಕನ್ನು ಗದ್ದಕ್ಕೆ ಇಳಿಸಿದರು. ನದಿಗೆ ಮುಖ ಮಾಡಿ, ಎಡಗೈ ಮೇಲೆತ್ತಿ ಗಾಳಿಯಲ್ಲಿ ಕಂಬಿ ಹಿಡಿದುಕೊಂಡು, ಒಂದೊಂದೇ ಸ್ಟಾಪಿನ ಹೆಸರು ಕೂಗಿದರು. ಕೊನೆಯ ಅಕ್ಷರವನ್ನು ಎಳೆದು ಬಿಡುತ್ತಿದ್ದರು, ನಮ್ಮೂರಿನ ಕಂಡಕ್ಟರುಗಳೂ ಹಾಗೇ. ಹೆಸರುಗಳು ನನಗೆ ಒಂದೂ ಅರ್ಥವಾಗಲಿಲ್ಲ. ಹದಿನೇಳನೆಯದನ್ನು ಕೂಗಿ ಕೈ ಇಳಿಸಿದರು.

“ಇಲ್ಲಿ. ಅಕ್ಕನ ಮನೆ.”

ಮುಂದಿನ ಸ್ಟಾಪುಗಳನ್ನು ಹೇಳಲಿಲ್ಲ. ಹುಲ್ಲಿನ ಮೇಲೆ ಕೂತು, ಆ ಚಳಿಗಾಲದಲ್ಲಿ ಅಳದಿದ್ದದ್ದನ್ನು ಅಲ್ಲಿ ಅತ್ತರು. ಹತ್ತಿರ ಹೋಗಬಾರದು ಎಂಬ ಕಾಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಐದು ಗಂಟೆಗೆ ಮಕ್ಕಳು ಮನೆಗೆ ಹೋಗಲೆಂದು ಊರಿನ ಧ್ವನಿವರ್ಧಕಗಳಲ್ಲಿ ಬರುವ ರಾಗ ಬಂತು. ಇಬ್ಬರೂ ಎದ್ದು ಬಟ್ಟೆಗೆ ಹತ್ತಿದ ಹುಲ್ಲು ಕೊಡವಿಕೊಂಡೆವು.

ಗಂಡನ ಮೂರು ವರ್ಷ ಕೊರೊನಾದಿಂದಾಗಿ ಮುಂದಕ್ಕೆ ಹೋಯಿತು. ನಮ್ಮ ಗುರುವಾರಗಳೂ ನಡೆದವು, ಮಳೆ ಬಂದಾಗ ಬಿಟ್ಟು. ಒಂದು ಸಲ ದೊಡ್ಡಮ್ಮ ಮೊಟ್ಟೆ ಮತ್ತು ಸೊಪ್ಪು ತುಂಬಿದ ಕಡುಬು ಮಾಡಿ ತಂದರು. ಮಾಂಸವಿಲ್ಲ, ನಿಮಗೇ ಎಂದು ಮಾಡಿದೆನು ಎಂದರು. ನಾನು ಮೊಟ್ಟೆ ತಿನ್ನುವವಳಲ್ಲ. ಅದನ್ನು ಹೇಳದೆ ಮನೆಗೆ ತಂದೆ. ಗಂಡ ಎಲ್ಲ ತಿಂದು, “ಸೂಪರ್ ಆಗಿದೆ ಅಂತ ಹೇಳು” ಎಂದರು. ಹೇಳಿದೆ.

ಚೀನಾದ ಗಡಿ ಮತ್ತೆ ತೆರೆದ ಮೇಲೆ ಮಗಳು ರಜೆ ಹಾಕಿ ದೊಡ್ಡಮ್ಮನನ್ನು ಊರಿಗೆ ಕರೆದುಕೊಂಡು ಹೋದಳು. ಹೊರಡುವ ಮುಂಚಿನ ಗುರುವಾರ ದೊಡ್ಡಮ್ಮ ಚಿಕ್ಕ ಹುಡುಗಿಯ ಹಾಗಿದ್ದರು. ಹೊಸ ಕೋಟು ಹಾಕಿಕೊಂಡು ಬಂದು ತಿರುಗಿ ತೋರಿಸಿದರು. ಒಂದು ತಿಂಗಳು ಇರುತ್ತೇನೆ ಎಂದರು. ಎಂಟನೇ ದಿನಕ್ಕೆ ವಾಪಸು ಬಂದರು.

“ಊರು ಹೇಗಿತ್ತು?”

“ಅಕ್ಕನ ಮನೆಯಲ್ಲಿ ಬೇರೆಯವರು ಇದ್ದಾರೆ. ನಾವು ಹೋಟೆಲಿನಲ್ಲಿ ಇದ್ದೆವು.” ಸ್ವಲ್ಪ ನಡೆದು ಮತ್ತೆ ಹೇಳಿದರು. “ಬಸ್ಸು ಇದೆ. ಕಂಡಕ್ಟರ್ ಇಲ್ಲ. ಗೆಳತಿಯರು ಮೂವರು ಇದ್ದಾರೆ. ಊಟ ಹಾಕಿದರು. ನೀವು ಯಾವಾಗ ವಾಪಸು ಹೋಗುತ್ತೀರಿ ಎಂದು ಕೇಳಿದರು. ನಾನು ಅತಿಥಿ.”

ಆಮೇಲೆ ಅವರು ಗುರುವಾರ ಕಡಿಮೆ ಮಾತಾಡತೊಡಗಿದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡ ಮೇಲೆ ಏರಿ ಹತ್ತುವುದು ಕಷ್ಟವಾಯಿತು. ವಾರಕ್ಕೆ ಎರಡು ದಿನ ಹಗಲು ಹೊತ್ತು ವಯಸ್ಸಾದವರನ್ನು ನೋಡಿಕೊಳ್ಳುವ ಕೇಂದ್ರಕ್ಕೆ ಮಗಳು ಸೇರಿಸಿದಳು. ಬೆಳಿಗ್ಗೆ ವ್ಯಾನು ಮನೆ ಬಾಗಿಲಿಗೇ ಬರುತ್ತಿತ್ತು. ಅಷ್ಟರಲ್ಲಿ ನಮಗೂ ಹೊರಡುವ ದಿನ ಬಂತು. ಆ ದಿನ ಅವರ ವ್ಯಾನಿನ ದಿನವೂ ಆಗಿತ್ತು. ತಪ್ಪಿಸಬೇಡಿ ಎಂದು ನಾನೇ ಹೇಳಿದೆ. ಹಿಂದಿನ ದಿನ ಅವರ ಮನೆಗೆ ಹೋದೆ. ಮೊದಲ ಸಲ, ಕೊನೆಯ ಸಲ. ಸ್ಟೇಷನ್ನಿನಿಂದ ಆರೇ ನಿಮಿಷದ ದಾರಿ. ಚಹಾ ಕುಡಿದೆವು. ಮಗಳು ಇದ್ದದ್ದರಿಂದ ಅವಳೇ ಹೆಚ್ಚು ಮಾತಾಡಿದಳು. ಬಾಗಿಲಲ್ಲಿ ದೊಡ್ಡಮ್ಮ ತಮ್ಮ ಅಗಲವಾದ ಅಂಗೈಯಲ್ಲಿ ನನ್ನ ಕೈ ಹಿಡಿದುಕೊಂಡು, ಬಿಟ್ಟರು.

ಮೈಸೂರಿನಿಂದ ಮೊದಲ ವರ್ಷ ಕೆಲವು ಸಲ ಫೋನ್ ಮಾಡಿದೆ. ನನ್ನ ಜಪಾನಿ ಬೇಗ ಬೇಗ ಕರಗುತ್ತಿತ್ತು. ಪದ ಸಿಗದೆ ಕನ್ನಡ ಬಂದುಬಿಡುತ್ತಿತ್ತು. ಒಂದು ಸಲ ಆ ಕೇಂದ್ರ ಹೇಗಿದೆ ಎಂದು ಕೇಳಿದೆ. ಸ್ನಾನ ಚೆನ್ನಾಗಿದೆ, ಬಿಸಿನೀರು ಧಾರಾಳ ಎಂದರು. ಕಾಗದ ಮಡಿಸಿ ಕೊಕ್ಕರೆ ಮಾಡಿಸುತ್ತಾರೆ, ಅದು ಚೆನ್ನಾಗಿಲ್ಲ ಎಂದರು. ಆಮೇಲೆ ಇನ್ನೊಂದು ಹೇಳಿದರು. ಅವರ ಹೆಸರಿನ ಚೀನಿ ಅಕ್ಷರಗಳನ್ನು ಜಪಾನಿಯವರು ತಮ್ಮ ರೀತಿಯಲ್ಲಿ ಓದುತ್ತಾರೆ. ಆಗ ಅದು ಬೇರೆಯೇ ಹೆಸರಾಗುತ್ತದೆ. ಎದೆಗೆ ಅಂಟಿಸಿದ ಚೀಟಿಯನ್ನು ಓದಿ ಅಲ್ಲಿನ ಹುಡುಗಿಯರು ಅದೇ ಹೆಸರಿನಿಂದ ಕರೆಯುತ್ತಾರೆ.

“ಯಾರನ್ನೋ ಕರೆಯುತ್ತಾರೆ. ನಾನು ತಿರುಗಿ ನೋಡುತ್ತೇನೆ. ಯಾರೂ ಇರುವುದಿಲ್ಲ. ಆಮೇಲೆ ತಿಳಿಯುತ್ತದೆ, ನನ್ನನ್ನೇ.”

“ಸರಿಯಾದ ಹೆಸರು ಹೇಳಿಕೊಡಿ” ಎಂದೆ.

“ಹೇಳಿಕೊಟ್ಟೆನು. ಅವರಿಗೆ ಬರುವುದಿಲ್ಲ.” ಮತ್ತೆ ಅವರೇ, “ಪರವಾಗಿಲ್ಲ. ಒಳ್ಳೆಯ ಹುಡುಗಿಯರು” ಎಂದರು.

ಇನ್ನೂ ಏನೋ ಹೇಳುವವರಿದ್ದರು. ಆಚೆ ಕಡೆ ಕರೆಗಂಟೆ ಕೇಳಿಸಿತು. ವ್ಯಾನು ಬಂತು ಎಂದು ಫೋನ್ ಇಟ್ಟರು.